ಗೇಣು ಆಳದ ಕಪ್ಪು ಮಣ್ಣು

“ಗುರುಗಳೇ, ಮುಂದಿನ ವರ್ಷ ನಾನು ಮಠ ಬಿಟ್ಟು ಹೋಗುವವನು. ಮಠದ ಹಿತ್ತಲಿಗೆ ಗೊಬ್ಬರ ಹೊತ್ತರೆ ನನಗೇನು ಬಂತು?” ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತ ಒಡೆಯನ ತುಂಡು ಹೊಲವನ್ನು ಗೇಣಿಗೆ ಮಾಡುತ್ತಿದ್ದ. ಕೆಂಪು ಜಲ್ಲಿ ನೆಲ, ಹುರುಳಿ ಬಿಟ್ಟರೆ ಬೇರೇನೂ ಬಾರದು. ಪ್ರತಿ ಬೇಸಿಗೆ ಕೆರೆ ಬತ್ತಿದಾಗ ಅವನೂ ಹೆಂಡತಿಯೂ ಕೆರೆಯ ತಳದ ಕಪ್ಪು ಹೂಳನ್ನು, ಅಂದರೆ ಗೋಡನ್ನು, ಬುಟ್ಟಿಯಲ್ಲಿ ಹೊತ್ತು ತಂದು, ವರ್ಷಕ್ಕೊಂದು ಪಟ್ಟಿಯಂತೆ ಹೊಲಕ್ಕೆ ಹರಡಿದರು. ಊರವರಿಗೆ ನಗು. ಕಂಡವರ ಹೊಲಕ್ಕೆ ಮಣ್ಣು ಹೊರುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂದರು. ರೈತನಿಗೂ ಒಮ್ಮೊಮ್ಮೆ ಹಾಗೇ ಅನ್ನಿಸುತ್ತಿತ್ತು. ಆದರೆ ಬಡಕಲು ನೆಲಕ್ಕೆ ಬೀಜ ಹಾಕಲು ಅವನಿಗೆ ಮನಸ್ಸು ಒಪ್ಪುತ್ತಿರಲಿಲ್ಲ. ಒಡೆಯ ಸುಗ್ಗಿಯಲ್ಲಿ ಕಣಕ್ಕೆ ಬಂದು ತನ್ನ ಪಾಲು ಅಳೆಸಿಕೊಂಡು ಹೋಗುವನು. ಹೊಲಕ್ಕೆ ಮಾತ್ರ ಕಾಲಿಟ್ಟವನಲ್ಲ.

ಹನ್ನೆರಡು ವರ್ಷವಾದ ಮೇಲೆ ಉಳುವವನಿಗೇ ಹೊಲ ಎಂಬ ಕಾನೂನು ಬಂತು. ರೈತ ಅರ್ಜಿ ಹಾಕಿದ. ಇವನು ನನ್ನ ಕೂಲಿಯಾಳು, ಮುಂದೆ ನಿಂತು ಬೇಸಾಯ ಮಾಡಿಸಿದವನು ನಾನು ಎಂದು ಒಡೆಯ ಆಣೆ ಮಾಡಿದ. ಗೇಣಿಗೆ ಬರಹದ ಚೂರೂ ಇರಲಿಲ್ಲ. ಸೋತರೆ ರೈತ ಮರುದಿನವೇ ಹೊಲ ಬಿಡಬೇಕು.

ಚಾವಡಿಯಲ್ಲಿ ಕೂತ ಅಧಿಕಾರಿ ಇಬ್ಬರಿಗೂ ಒಂದೇ ಪ್ರಶ್ನೆ ಹಾಕಿದರು: “ಆ ಹೊಲದ ಮಣ್ಣು ಎಂಥದ್ದು?”

“ಕೆಂಪು ಮಣ್ಣು. ಅಜ್ಜನ ಕಾಲದಿಂದ್ಲೂ ಅದೇ,” ಎಂದ ಒಡೆಯ.

ರೈತ ಕೈಮುಗಿದ. “ಕೆಂಪೇ ಸ್ವಾಮಿ, ಆದ್ರೆ ಗೇಣು ಕೆಳಗೆ. ಮೇಲೆಲ್ಲಾ ಕೆರೆಗೋಡು, ಕಪ್ಪು. ಬಡಗಲ ಪಟ್ಟೀಲಿ ಮಾತ್ರ ನಾಲ್ಕೇ ಬೆರಳು. ಆ ವರ್ಷ ನಮ್ಮೋಳು ಬಾಣಂತಿ, ನಾನೊಬ್ನೇ ಹೊತ್ತೆ.”

ಎಲ್ಲರೂ ಹೊಲಕ್ಕೆ ಹೋದರು. ಹಾರೆ ಹಾಕಿ ಅಗೆದರು. ಎಲ್ಲಿ ಅಗೆದರೂ ಗೇಣುದ್ದ ಕಪ್ಪು, ಅದರ ಕೆಳಗೆ ಕೆಂಪು. ಬಡಗಲ ಪಟ್ಟಿಯನ್ನು ಅಧಿಕಾರಿ ತಾವೇ ಅಳೆದರು. ನಾಲ್ಕು ಬೆರಳಿಗೆ ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇರಲಿಲ್ಲ.

ಒಡೆಯ ಆ ಕಪ್ಪು ಮಣ್ಣನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ. ನೋಡಿದ್ದೂ ಮೊದಲ ಸಲವೇ. ಹೊಲ ರೈತನ ಹೆಸರಿಗಾಯಿತು. ನಕ್ಕಿದ್ದ ಊರವರೇ ತಮಟೆ ತಂದು ಬಡಿದರು. ಹೆಂಡತಿ ಒಂದು ಹಿಡಿ ಮಣ್ಣನ್ನು ಮಡಿಲಿಗೆ ಹಾಕಿಕೊಂಡು ಎಲ್ಲರ ಮುಂದೆಯೇ ಗಟ್ಟಿಯಾಗಿ ನಕ್ಕಳು. ರೈತನಿಗೆ ಸಂತೋಷ ತಡೆಯಲಾಗದೆ ಅಳು ಬಂತು.

ಕತೆ ಮುಗಿಸಿದ ಗುರುಗಳು ಮೂಲೆಯಲ್ಲಿದ್ದ ಹಾರೆಯನ್ನು ಶಿಷ್ಯನ ಕೈಗೆ ಕೊಟ್ಟರು.

“ನೀನು ಬಂದು ಮೂರು ವರ್ಷವಾಯಿತಲ್ಲ, ನಡಿ, ನಮ್ಮ ಹಿತ್ತಲಲ್ಲಿ ನಿನ್ನ ಮಣ್ಣು ಎಷ್ಟು ಬೆರಳಿದೆ ಅಗೆದು ನೋಡೋಣ.”