ನಾಲ್ಕರಲ್ಲಿ ಮೂರು ಸಲ

ಕಪಿಲೆಯ ದಡದಲ್ಲಿ, ನೀರೆತ್ತುವುದನ್ನು ಎಂದೋ ನಿಲ್ಲಿಸಿದ್ದ ಒಂದು ಪಂಪ್‌ಹೌಸಿನಲ್ಲಿ ಜಬ್ಬಾರ್ ಮೇಷ್ಟ್ರು ಇರುತ್ತಿದ್ದರು. ಪಾಲಿಟೆಕ್ನಿಕ್ಕಿನಿಂದ ನಿವೃತ್ತರಾದ ಮೇಲೆ ಅದೇ ಅವರ ಮನೆ, ಅದೇ ಪಾಠಶಾಲೆ.

ಲಿನಕ್ಸ್ ಕರ್ನಲ್ ಎಂಬುದೊಂದಿದೆ. ಕಂಪ್ಯೂಟರಿನ ಒಳಗಿದ್ದು, ಅದಕ್ಕೆ ಜೋಡಿಸಿದ ಒಂದೊಂದು ಉಪಕರಣವನ್ನೂ ಮಾತಾಡಿಸುವ ತಂತ್ರಾಂಶ. ಲೋಕದ ನಾನಾ ಮೂಲೆಗಳ ಸಾವಿರಾರು ಮಂದಿ ಸೇರಿ ಬರೆದದ್ದು. ಅದರ ಒಂದು ಸಣ್ಣ ಭಾಗದ ಹೊಣೆ ಮೇಷ್ಟ್ರದು. ಆ ಭಾಗಕ್ಕೆ ಯಾರೇ ಒಂದು ತಿದ್ದುಪಡಿ ಬರೆಯಲಿ, ಅದನ್ನು ಅವರು ಪ್ಯಾಚ್ ಅನ್ನುತ್ತಾರೆ, ಮೇಷ್ಟ್ರು ಓದಿ ಒಪ್ಪಿ ಕೆಳಗೆ ಹೆಸರು ಹಾಕಬೇಕು.

ಶಿವಮಲ್ಲು ಅವರ ಹತ್ತಿರ ಕಲಿಯಲು ಬಂದು ಎರಡು ವರ್ಷವಾಗಿತ್ತು. ಆ ಬೇಸಿಗೆಯಲ್ಲಿ ಅವನ ಮೊದಲ ಪ್ಯಾಚಿಗೆ ಮೇಷ್ಟ್ರು ಹೆಸರು ಹಾಕಿದ್ದರು. ಬರೀ ಹನ್ನೊಂದು ಸಾಲು. ಎರಡು ಸೆಕೆಂಡು ಕೆಲಸವಿಲ್ಲದೆ ಕೂತ ಉಪಕರಣವನ್ನು ಮಲಗಿಸುವುದು, ಕೆಲಸ ಬಂದಾಗ ಎಬ್ಬಿಸುವುದು, ಅಷ್ಟು ವಿದ್ಯುತ್ತು ಉಳಿಸುವುದು.

ಅದಾದ ಮೇಲೆ, ಬರುವ ದೂರುಗಳಿಗೆ ಉತ್ತರ ಬರೆಯುವ ಕೆಲಸವನ್ನೂ ಮೇಷ್ಟ್ರು ಅವನಿಗೇ ಬಿಟ್ಟರು.

ಒಂದು ಬೆಳಿಗ್ಗೆ ಕೇಳಿದರು, "ಇವತ್ತೇನು ಬಂದಿತ್ತು?"

"ಹೊಸದು ಐದು ಮೇಷ್ಟ್ರೇ. ಉತ್ತರ ಬರೆದೆ. ಹಳೇದೊಂದನ್ನ ಕ್ಲೋಸ್ ಮಾಡಿದೆ."

"ಯಾಕೆ?"

"ಅದು ದೂರೇ ಅಲ್ಲ. ಯಾವ ಕರ್ನಲ್ ಅಂತಿಲ್ಲ, ಯಾವ ಯಂತ್ರ ಅಂತಿಲ್ಲ. ನಾಲ್ಕನೇ ತಾರೀಖು ಬಂದಿತ್ತು. ಐದಕ್ಕೇ ಎಲ್ಲಾ ವಿವರ ಕೊಡಿ ಅಂತ ಬರೆದೆ. ಎರಡು ವಾರ ಆಯ್ತು, ಉತ್ತರ ಇಲ್ಲ."

"ಓದು."

ಶಿವಮಲ್ಲು ಓದಿದ. ಕನ್ನಡದಲ್ಲೇ ಬರೆದದ್ದು, ಕೆಳಗೆ ಆರೋಗ್ಯ ಕೇಂದ್ರದ ವಿಳಾಸವಿತ್ತು.

"ಸರ್, ನಾನು ಆರೋಗ್ಯ ಕೇಂದ್ರದ ನರ್ಸು. ಬಸುರಿಯರ ಹೊಟ್ಟೆಯ ಮೇಲಿಟ್ಟು ಮಗುವಿನ ಎದೆಬಡಿತ ಕೇಳುವ ಉಪಕರಣವನ್ನು ಕಂಪ್ಯೂಟರಿಗೆ ಹಾಕಿಕೊಟ್ಟಿದ್ದಾರೆ. ತೊಂದರೆಯಾದರೆ ಬರೆಯಿರಿ ಎಂದು ನಿಮ್ಮ ವಿಳಾಸ ಅದರ ಮೇಲೆ ಅಂಟಿಸಿದೆ. ಹೋದ ತಿಂಗಳಿಂದ ಬಡಿತ ಕೇಳುತ್ತಾ ಕೇಳುತ್ತಾ ನಿಂತುಹೋಗುತ್ತದೆ. ಮಗು ಚೆನ್ನಾಗಿರುತ್ತದೆ. ಯಂತ್ರ ನಿಲ್ಲುವುದು. ಅದನ್ನು ತಾಯಿಗೆ ಹೇಗೆ ಹೇಳಲಿ?"

ಶಿವಮಲ್ಲು ಗೋಡೆಯುದ್ದಕ್ಕಿದ್ದ, ಪರೀಕ್ಷೆಗೆಂದು ಕಂಪ್ಯೂಟರುಗಳನ್ನು ಜೋಡಿಸಿಟ್ಟ ಕಪಾಟಿನ ಕಡೆ ಕೈ ತೋರಿಸಿದ. "ನಮ್ಮ ಇಪ್ಪತ್ತಮೂರು ಯಂತ್ರದಲ್ಲೂ ನೋಡಿದೆ ಮೇಷ್ಟ್ರೇ. ಹಳೇದು, ಹೊಸದು, ಬೇರೆ ಬೇರೆ ಕಂಪನೀದು. ಎಲ್ಲೂ ನಿಲ್ಲಲ್ಲ. ಎಲ್ಲಾ ಸರಿಯಾಗಿದೆ."

"ಆ ನರ್ಸಮ್ಮನ ಯಂತ್ರ ಈ ಕಪಾಟಲ್ಲಿದೆಯಾ?"

"ಇಲ್ಲ."

"ಮತ್ತೆ ಯಾವುದು ಸರಿಯಾಗಿದೆ ಅಂತ ನೋಡಿದೆ?"

ಮೇಷ್ಟ್ರು ಎದ್ದು, ಅವನ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿ ಕೈಗೆ ಕೊಟ್ಟರು.

"ಹನ್ನೊಂದೂವರೆಗೆ ಬಸ್ಸಿದೆ," ಎಂದರು.

ಆರೋಗ್ಯ ಕೇಂದ್ರ ಕಾಡಂಚಿನಲ್ಲಿತ್ತು. ಬಾಗಿಲ ಹೊರಗಿನ ಬೆಂಚಿನ ಮೇಲೆ ಆರೇಳು ಮಂದಿ ಬಸುರಿಯರು ಕೂತಿದ್ದರು. ನರ್ಸು ಪ್ರೇಮಕುಮಾರಿಗೆ ಐವತ್ತರ ಹತ್ತಿರ. ಅವನು ಯಾರೆಂದು ತಿಳಿದಾಗ ಆಕೆಯ ಮುಖದಲ್ಲಿ ಸಿಟ್ಟು ಕಾಣಲಿಲ್ಲ.

"ಇಂಗ್ಲಿಷಲ್ಲಿ ಕಾಗದ ಬರೆದಿದ್ದು ನೀವೇನಾ ಸರ್? ನಂಗೆ ತಿಳೀಲಿಲ್ಲ. ಡಾಕ್ಟ್ರು ಬಂದಾಗ ಓದಿಸೋಣ ಅಂತ ಇಟ್ಕೊಂಡಿದ್ದೆ. ಅವರು ಈ ತಿಂಗಳು ಬರ್ಲಿಲ್ಲ."

ಶಿವಮಲ್ಲು ಆ ಕಾಗದವನ್ನು ಬರೆದಿರಲೂ ಇಲ್ಲ. ಮೊದಲೇ ಸಿದ್ಧವಾಗಿದ್ದ ಹತ್ತು ಪ್ರಶ್ನೆಗಳನ್ನು ಎಲ್ಲರಿಗೂ ಕಳಿಸುವಂತೆ ಆಕೆಗೂ ಕಳಿಸಿದ್ದ.

ಅವನನ್ನು ಪರದೆಯ ಹೊರಗೆ ನಿಲ್ಲಿಸಿ, ಒಬ್ಬ ಬಸುರಿಯನ್ನು ಕರೆದುಕೊಂಡು ಸಿಸ್ಟರ್ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಸದ್ದು ಕೇಳಿಸಿತು. ದೊಡ್ಡವರ ಎದೆಗಿಂತ ಎರಡು ಪಟ್ಟು ವೇಗದ ಬಡಿತ. ಬೆಂಚಿನ ಮೇಲಿದ್ದ ಹೆಂಗಸರೂ ಮಾತು ನಿಲ್ಲಿಸಿ ಕೇಳಿದರು.

"ಸ್ವಲ್ಪ ಮಗ್ಗುಲಾಗವ್ವ," ಎಂದರು ಸಿಸ್ಟರ್.

ಸದ್ದು ನಿಂತಿತು.

ಮಗ್ಗುಲಾಗುವಾಗ ಉಪಕರಣವನ್ನು ಎತ್ತಿಹಿಡಿಯಬೇಕು, ಶಿವಮಲ್ಲುವಿಗೆ ಗೊತ್ತಾಯಿತು. ಎರಡು ಸೆಕೆಂಡು, ಮೂರು. ಈಗ ಮತ್ತೆ ಹೊಟ್ಟೆಗೆ ಇಟ್ಟಿರುತ್ತಾರೆ. ಸದ್ದು ಬರಲಿಲ್ಲ. ಅವನು ಮನಸ್ಸಿನಲ್ಲೇ ಎಣಿಸಿದ. ಎಂಟು. ಒಂಬತ್ತು. ಹತ್ತು.

"ಅಕ್ಕಾ," ಎಂದಿತು ಒಳಗಿನ ದನಿ.

"ಏನೂ ಆಗಿಲ್ಲ ಕಣವ್ವ. ಮಿಷನ್ನು."

"ಸುಳ್ ಹೇಳ್ಬ್ಯಾಡಿ ಅಕ್ಕಾ."

ಸಿಸ್ಟರ್ ಮರದ ಕಿವಿಕೊಳವೆ ತೆಗೆದುಕೊಂಡು ಹೊಟ್ಟೆಗೆ ಕಿವಿ ಕೊಟ್ಟಿರಬೇಕು. ಕಾಣುತ್ತಿರಲಿಲ್ಲ. ಆಮೇಲೆ ಮಂಚದ ಕಬ್ಬಿಣದ ಮೇಲೆ ಉಗುರಿನ ಸದ್ದು ಬಂತು. ಟಿಕ್ ಟಿಕ್ ಟಿಕ್ ಟಿಕ್, ಅದೇ ವೇಗದಲ್ಲಿ. ತಮಗೆ ಕೇಳಿಸುತ್ತಿದ್ದುದನ್ನು ಸಿಸ್ಟರ್ ತಾಯಿಗೆ ಕೇಳಿಸುತ್ತಿದ್ದರು.

ಒಳಗೆ ಅಳು ಕೇಳಿಸಿತು. ಮಂಚದ ಮೇಲಿನ ಟಿಕ್ ಟಿಕ್ ನಿಲ್ಲಲಿಲ್ಲ.

ಬೆಂಚು ಖಾಲಿಯಾದ ಮೇಲೆ ಶಿವಮಲ್ಲು ಕೇಳಿದ, "ಪ್ರತಿ ಸಲ ಹೀಗೇ ಮಾಡ್ತೀರಾ ಸಿಸ್ಟರ್?"

"ನಾನಿದ್ರೆ ಮಾಡ್ತೀನಿ. ಹನ್ನೊಂದನೇ ತಾರೀಖು ರಜಾದಲ್ಲಿದ್ದೆ. ಹೊಸದಾಗಿ ಬಂದಿರೋ ನರ್ಸು ಇದ್ಲು, ಪಾಪ. ಸದ್ದು ನಿಂತಿದ್ದಕ್ಕೆ ಗಾಬರಿಯಾಗಿ ಬಸುರೀನ ಜೀಪಲ್ಲಿ ಹಾಕಿ ತಾಲೂಕಾಸ್ಪತ್ರೆಗೆ ಕಳಿಸಿಬಿಟ್ಲು. ಎಂಟು ತಿಂಗಳು ತುಂಬಿತ್ತು ಅಷ್ಟೆ. ರಸ್ತೆ ನೋಡಿದ್ರಲ್ಲ ನೀವು. ದಾರೀಲೇ ಹೆರಿಗೆಯಾಯ್ತು."

"ಮಗು?"

"ಇದೆ. ಇನ್ನೂ ಗಾಜಿನ ಪೆಟ್ಟಿಗೇಲಿದೆ."

ಶಿವಮಲ್ಲು ತಾರೀಖುಗಳನ್ನು ಲೆಕ್ಕ ಹಾಕಿದ. ಆಕೆ ಬರೆದದ್ದು ನಾಲ್ಕಕ್ಕೆ. ಅವನು ಐದಕ್ಕೆ. ಜೀಪು ಹೊರಟದ್ದು ಹನ್ನೊಂದಕ್ಕೆ. ನಡುವೆ ಆರು ದಿನ.

ಅವನು ಕಂಪ್ಯೂಟರನ್ನು ಆರಿಸಿ ಹಚ್ಚಿದ. ಮೊದಲ ಪರದೆಯಲ್ಲಿ, ಹೋದ ತಿಂಗಳು ಹೊಸದು ತಾನಾಗೇ ಬರುವ ಮುಂಚೆ ಇದ್ದ ಹಳೆಯ ಕರ್ನಲನ್ನು ಆಯ್ದುಕೊಂಡ. ಉಪಕರಣವನ್ನು ತನ್ನ ಮಣಿಕಟ್ಟಿನ ಮೇಲಿಟ್ಟು, ತೆಗೆದು, ಮತ್ತೆ ಇಟ್ಟ. ಸದ್ದು ನಿಲ್ಲಲಿಲ್ಲ.

"ಸದ್ಯಕ್ಕೆ ಹೀಗೇ ಬಳಸಿ ಸಿಸ್ಟರ್. ನಿಲ್ಲಲ್ಲ."

"ಇಷ್ಟೇನಾ ಕೆಲಸ?"

ಸುಮ್ಮನೆ ಕೇಳಿದ್ದರು ಅಷ್ಟೆ. ಅವನು ಹೊರಗೆ ಹೋಗಿ ಕೈತೊಳೆಯುವ ನಲ್ಲಿಯ ಹತ್ತಿರ ನಿಂತ. ಹಳೆಯದನ್ನು ಆಯ್ದು ಬಳಸಿ ಎಂಬ ಎರಡು ಮಾತನ್ನು ಐದನೇ ತಾರೀಖು ಕನ್ನಡದಲ್ಲಿ ಬರೆದಿದ್ದರೆ ಸಾಕಿತ್ತು.

ಕಾರಣ ಹುಡುಕುವುದು ಬಾಕಿಯಿತ್ತು. ಹಳೆಯ ಕರ್ನಲಿಗೂ ಹೊಸದಕ್ಕೂ ನಡುವೆ ಎಂಟು ಸಾವಿರ ಪ್ಯಾಚುಗಳು. ಅವುಗಳಲ್ಲೊಂದು ಕೆಟ್ಟದ್ದು. ಹುಡುಕುವ ದಾರಿ ಒಂದೇ. ನಟ್ಟನಡುವೆ ಇರುವ ಪ್ಯಾಚಿನವರೆಗೆ ಮಾತ್ರ ಸೇರಿಸಿ ಕರ್ನಲ್ ಕಟ್ಟಿ, ಯಂತ್ರಕ್ಕೆ ಹಾಕಿ ನೋಡಬೇಕು. ಕೆಟ್ಟಿದ್ದರೆ ದೋಷ ಮೊದಲರ್ಧದಲ್ಲಿದೆ. ಸರಿಯಿದ್ದರೆ ಮೊದಲರ್ಧ ಪೂರ್ತಿ ನಿರ್ದೋಷಿ, ಉಳಿದರ್ಧವನ್ನು ಮತ್ತೆ ಅರ್ಧ ಮಾಡಬೇಕು. ಹೀಗೆ ಹದಿಮೂರು ಸುತ್ತು. ಒಂದೊಂದು ಸುತ್ತಿಗೂ ಒಂದೂವರೆ ಗಂಟೆ.

ಬಸುರಿಯರು ಇಲ್ಲದ ಹೊತ್ತಿನಲ್ಲಿ ಅವನು ಆ ಮೇಜಿನ ಮುಂದೆ ಕೂತ. ಪ್ರತಿ ಸಲವೂ ಉಪಕರಣವನ್ನು ತನ್ನ ಮಣಿಕಟ್ಟಿಗೇ ಇಟ್ಟುಕೊಳ್ಳುತ್ತಿದ್ದ. ಅವನ ನಾಡಿ ಕೋಣೆಯ ತುಂಬ ಕೇಳಿಸುತ್ತಿತ್ತು.

"ಏನ್ ಸರ್, ಇಷ್ಟೊಂದು ಓಡ್ತಾ ಇದೆ?" ಎಂದರು ಸಿಸ್ಟರ್, ಲಸಿಕೆಯ ಪೆಟ್ಟಿಗೆ ಒರೆಸುತ್ತಾ.

ಮೂರನೆಯ ದಿನ ಮಧ್ಯಾಹ್ನ ಒಂಬತ್ತು ಸುತ್ತು ಮುಗಿದವು. ಉಳಿದದ್ದು ಹದಿನಾರು ಪ್ಯಾಚು. ಅವನು ಪಟ್ಟಿ ತೆರೆದು ಓದಿದ. ಐದನೆಯದರ ಎದುರು ಅವನ ಹೆಸರಿತ್ತು.

ಹೊರಗೆ ಬಂದು ಮೇಷ್ಟ್ರಿಗೆ ಫೋನ್ ಮಾಡಿದ.

"ಮೇಷ್ಟ್ರೇ, ಹದಿನಾರಕ್ಕೆ ಬಂದಿದ್ದೀನಿ. ಅದರಲ್ಲಿ ನಂದೂ ಒಂದಿದೆ."

"ಮಿಕ್ಕ ಹದಿನೈದು?"

"ಬೇರೆಯವರದು."

"ಅದರಲ್ಲಿ ಒಂದಾಗಿರಲಿ ಅಂತ ಬೇಡ್ಕೋತಾ ಇದ್ದೀಯಾ?"

"ಹೌದು ಮೇಷ್ಟ್ರೇ."

"ಬೇಡ್ಕೋ. ಆದ್ರೆ ಬೇಡ್ಕೊಳ್ಳೋವಾಗ ಯಂತ್ರ ಮುಟ್ಟಬೇಡ."

ಫೋನ್ ಇಟ್ಟುಬಿಟ್ಟರು.

ಹತ್ತನೆಯ ಸುತ್ತು. ಹದಿನಾರರಲ್ಲಿ ಎಂಟನೆಯದರವರೆಗೆ ಕಟ್ಟಿದ. ಇದು ಸರಿಯಿದೆ ಎಂದು ಗುರುತು ಹಾಕಿದರೆ ಮೊದಲ ಎಂಟೂ ನಿರ್ದೋಷಿಗಳು. ಅವನದೂ.

ಉಪಕರಣ ಇಟ್ಟ. ನಾಡಿ ಕೇಳಿಸಿತು. ಎತ್ತಿದ. ಮೂರು ಎಣಿಸಿ ಇಟ್ಟ. ಸದ್ದು ಬಂತು.

ಎತ್ತಿ ಇಟ್ಟ. ಬಂತು.

ಎತ್ತಿ ಇಟ್ಟ. ಬರಲಿಲ್ಲ. ಕಾದ. ಬರಲೇ ಇಲ್ಲ. ತಂತಿಯನ್ನು ಕಳಚಿ ಮತ್ತೆ ಸಿಕ್ಕಿಸಿದ.

ಎತ್ತಿ ಇಟ್ಟ. ಬಂತು.

ಅವನು ತಂತಿಯ ತುದಿಯನ್ನು ನೋಡಿದ. ಹಳೆಯ ತಂತಿ, ಸಡಿಲ ಇದ್ದಿರಬಹುದು. ತಾನೇ ಸರಿಯಾಗಿ ಒತ್ತಿರಲಿಕ್ಕಿಲ್ಲ. ಬೆರಳು 'ಸರಿ' ಎಂಬ ಪದ ಒತ್ತಲು ಕೀಲಿಮಣೆಯ ಮೇಲೆ ಹೋಯಿತು.

"ಒಂದು ಸಲ ನಿಂತ್ಹೋಯ್ತಲ್ಲ ಸರ್?" ಹಿಂದಿನಿಂದ ಸಿಸ್ಟರ್ ಕೇಳಿದರು.

"ನಾಲ್ಕರಲ್ಲಿ ಮೂರು ಸಲ ಬಂತು ಸಿಸ್ಟರ್."

"ನಾಲ್ಕರಲ್ಲಿ ಮೂರು ಅಂದ್ರೆ ನಿಮ್ಮಲ್ಲಿ ಸರಿ ಅಂತಾನಾ?"

ಅವನು ತಿರುಗಿ ನೋಡಿದ. ವ್ಯಂಗ್ಯವಿರಲಿಲ್ಲ. ಆಕೆ ನಿಜವಾಗಿ ತಿಳಿಯಲೆಂದೇ ಕೇಳುತ್ತಿದ್ದರು.

"ನಮ್ಮಲ್ಲಿ ಹಾಗೆ ಬರೆಯೋಕೆ ಬರಲ್ಲ," ಎಂದರು. "ನಾಲ್ಕನೇದೂ ಒಂದು ಮಗೂನೇ ಅಲ್ವಾ?"

ಶಿವಮಲ್ಲು 'ಕೆಟ್ಟದ್ದು' ಎಂದು ಒತ್ತಿದ. ಆಮೇಲೆ ಹಿಂದೆ 'ಸರಿ' ಎಂದು ಗುರುತಿಸಿದ್ದನ್ನೆಲ್ಲ ಮತ್ತೆ ಹಾಕಿ, ಒಂದೊಂದನ್ನೂ ಇಪ್ಪತ್ತಿಪ್ಪತ್ತು ಸಲ ಎತ್ತಿ ಇಟ್ಟು ನೋಡಿದ. ಅವು ಯಾವುವೂ ನಿಲ್ಲಲಿಲ್ಲ. ಅದಕ್ಕೆ ಇನ್ನೂ ಎರಡು ದಿನ ಹಿಡಿಯಿತು. ಮಣಿಕಟ್ಟಿನ ಚರ್ಮ ಕೆಂಪಾಯಿತು.

ಹದಿಮೂರನೆಯ ಸುತ್ತಿನ ಕೊನೆಯಲ್ಲಿ ಪರದೆಯ ಮೇಲೆ ಒಂದೇ ಹೆಸರು ಉಳಿಯಿತು.

ಕಪಾಟಿನ ಯಂತ್ರಗಳೆಲ್ಲ ಮಲಗಿದ ಉಪಕರಣವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಎಬ್ಬಿಸುತ್ತಿದ್ದವು. ಈ ಯಂತ್ರದ ಒಂದು ಹಳೆಯ ಚಿಪ್‌ಗೆ ಕೆಲವು ಸಲ ಎಬ್ಬಿಸಲು ಬರುತ್ತಿರಲಿಲ್ಲ. ಮಲಗಿಸಿದವನು ಅವನು.

ಪಂಪ್‌ಹೌಸಿಗೆ ಮರಳಿ ಎಲ್ಲರಿಗೂ ತಿಳಿಸುವ ಕಾಗದ ಬರೆದ. ಮೇಷ್ಟ್ರು ಚಾಪೆಯ ಮೇಲೆ ಕೂತು, ಓದು ಎಂದರು.

"ಒಂದು ಪ್ಯಾಚಿನಿಂದಾಗಿ ಕೆಲವು ಹಳೆಯ ಯಂತ್ರಗಳಲ್ಲಿ ದೋಷ ಕಂಡುಬಂದಿದೆ."

"ಆ ಪ್ಯಾಚು ತಾನಾಗೇ ನಡ್ಕೊಂಡು ಬಂತಾ?"

ಅವನು ಅಳಿಸಿದ. "ನಾನು ಬರೆದ ಪ್ಯಾಚಿನಿಂದಾಗಿ ಕೆಲವು ಹಳೆಯ ಯಂತ್ರಗಳಲ್ಲಿ..."

"ಕೆಲವು ಅಂದ್ರೆ ಎಷ್ಟು ನೋಡಿದೆ?"

"ಒಂದು."

"ಒಂದು ಅಂತ ಬರಿ. ಎಷ್ಟಿವೆಯೋ ಗೊತ್ತಿಲ್ಲ ಅಂತಾನೂ ಬರಿ."

ಬರೆದ. ಜೀಪು ಹೊರಟ ತಾರೀಖನ್ನೂ ಬರೆದ. ದೂರು ಕೊಟ್ಟವರು ಎಂಬಲ್ಲಿ ಪ್ರೇಮಕುಮಾರಿ, ನರ್ಸು ಎಂದು ಬರೆದ. ತಪ್ಪು ಮಾಡಿದವರು ಎಂಬಲ್ಲಿ ತನ್ನ ಹೆಸರು ಹಾಕಿದ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಬಗ್ಗಿದರು.

"ಇನ್ನೊಂದು ಹೆಸರು ಬಿಟ್ಟಿದ್ದೀಯಲ್ಲ?"

"ಯಾರದು ಮೇಷ್ಟ್ರೇ?"

"ಹನ್ನೊಂದು ಸಾಲು ಓದಿ ಒಪ್ಪಿದವನದು."

"ನೀವು ಬೇಡ ಮೇಷ್ಟ್ರೇ. ಬರೆದವನು ನಾನು."

"ಎರಡು ಸೆಕೆಂಡು ಅಂತ ನೀನು ಬರೆದಿದ್ದೆ. ಯಾರ ಎರಡು ಸೆಕೆಂಡು ಅಂತ ನಾನೂ ಕೇಳಲಿಲ್ಲ. ಹಾಕು."

ಶಿವಮಲ್ಲುವಿನ ಕೈ ಏಳಲಿಲ್ಲ. ಮೇಷ್ಟ್ರು ತಾವೇ ಕೀಲಿಮಣೆ ಎಳೆದುಕೊಂಡು, ಒಂದೊಂದೇ ಅಕ್ಷರ ಒತ್ತಿ ತಮ್ಮ ಹೆಸರು ಸೇರಿಸಿ, ಕಾಗದ ಕಳಿಸಿದರು.

ಆ ಪ್ಯಾಚನ್ನು ವಾಪಸ್ಸು ತೆಗೆದರು. ವಾರದೊಳಗೆ ಬೇರೆ ಎರಡು ದೇಶಗಳಿಂದ ಉತ್ತರ ಬಂತು. ನಮ್ಮಲ್ಲೂ ಹೀಗೇ ಆಗುತ್ತಿತ್ತು, ಯಂತ್ರ ಹಳೆಯದಾಯಿತೆಂದು ಸುಮ್ಮನಿದ್ದೆವು ಎಂದು ಬರೆದಿದ್ದರು. ಯಾರೂ ಬೈದಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಶಿವಮಲ್ಲುವಿಗೆ. ಮಗುವನ್ನು ಪೆಟ್ಟಿಗೆಯಿಂದ ತೆಗೆದು ತಾಯಿಯ ಕೈಗೆ ಕೊಟ್ಟರು ಎಂದು ಸಿಸ್ಟರ್ ಫೋನ್ ಮಾಡಿ ಹೇಳಿದರು.

ಎರಡು ತಿಂಗಳು ಕಳೆಯಿತು. ಒಂದು ಸಂಜೆ ಗುರು ಶಿಷ್ಯರು ನದಿಯ ಮೆಟ್ಟಿಲ ಮೇಲೆ ಕೂತಿದ್ದರು.

"ಹೊಸ ಪ್ಯಾಚು ಬರೆದು ಎಷ್ಟು ದಿನ ಆಯ್ತು?" ಮೇಷ್ಟ್ರು ಕೇಳಿದರು.

"ಹತ್ತು ದಿನ."

"ಯಾಕೆ ಕಳಿಸಿಲ್ಲ?"

"ಆಗ್ತಿಲ್ಲ ಮೇಷ್ಟ್ರೇ. ಕಪಾಟಲ್ಲಿರೋದ್ರಲ್ಲೆಲ್ಲಾ ನೋಡಿದೆ. ಸಿಸ್ಟರ್ ಹತ್ರಾನೂ ಹೋಗಿ ನೋಡ್ಕೊಂಡು ಬಂದೆ. ಆದ್ರೂ ಕಳಿಸೋಕೆ ಹೋದ್ರೆ ಎದೆ ಡವಡವ ಅನ್ನುತ್ತೆ. ನಾನು ನೋಡದೇ ಇರೋ ಯಂತ್ರ ಎಲ್ಲೋ ಒಂದು ಇದ್ರೆ?"

"ಇದ್ದೇ ಇರುತ್ತೆ. ಕಳಿಸು."

"ಈ ಭಯ ಯಾವತ್ತು ಹೋಗುತ್ತೆ ಮೇಷ್ಟ್ರೇ?"

ಮೇಷ್ಟ್ರು ಮೊಣಕಾಲಿಗೆ ಕೈಯೂರಿ ಎದ್ದು ನಿಂತರು.

"ಹೋದ ದಿನ ಬಂದು ಹೇಳು. ಅವತ್ತಿಂದ ನಿನ್ನ ಪ್ಯಾಚಿಗೆ ನಾನು ಹೆಸರು ಹಾಕಲ್ಲ."