ಕಡಲಿಗಿಳಿದ ವಿಠ್ಠಲ

ಪರಮಪೂಜ್ಯ ಶ್ರೀ ನಿರ್ಮಲಬೋಧ ಸ್ವಾಮಿಗಳು ಆ ದಿನಗಳಲ್ಲಿ ಅಂಕೋಲೆ ಸೀಮೆಯ ಮೀನುಗಾರರ ಕೇರಿಯೊಂದರಲ್ಲಿ, ಬಲೆ ಇಡುವ ಸೋಗೆಯ ಚಪ್ಪರದಲ್ಲೇ ವಾಸವಾಗಿದ್ದರು. ಕಡಲು ಉಕ್ಕಿ ದಕ್ಷಿಣದ ಮಳಲಕೇರಿ ಕೊಚ್ಚಿಹೋಗಿದೆ, ಅಲ್ಲಿಯ ಜನ ಉಪವಾಸವಿದ್ದಾರೆ ಎಂಬ ಸುದ್ದಿ ಬಂದಿತು. ಸ್ವಾಮಿಗಳು ಮನೆಮನೆ ತಿರುಗಿ ಅಕ್ಕಿಯ ಭಿಕ್ಷೆ ಎತ್ತಿದರು. ಮಳಲಕೇರಿಯ ಗುಡಿಗೆಂದೇ ಕಡೆಸಿಟ್ಟಿದ್ದ, ಸೊಂಟದೆತ್ತರದ ವಿಠ್ಠಲನ ಶಿಲಾಮೂರ್ತಿಯನ್ನೂ ಅಕ್ಕಿಯ ಜೊತೆ ಹಾಯಿದೋಣಿಗೆ ಏರಿಸಿ ತಾವೂ ಹತ್ತಿದರು. ಮನೆ ಕಳೆದುಕೊಂಡವರಿಗೆ ದೇವರ ಆಸರೆಯಾದರೂ ಇರಲಿ ಎಂಬುದು ಅವರ ಆಸೆ.

ದೋಣಿ ನಡೆಸುವ ಜಟ್ಟಿ ತಾಂಡೇಲನಿಗೆ ದೇವರೂ ಅಷ್ಟಕ್ಕಷ್ಟೆ, ಸ್ವಾಮಿಗಳೂ ಅಷ್ಟಕ್ಕಷ್ಟೆ. "ಅಕ್ಕಿ ಹೇರೂದೋ, ಕಲ್ಲು ಹೇರೂದೋ?" ಎಂದು ಗೊಣಗುತ್ತಲೇ ಹಾಯಿ ಬಿಚ್ಚಿದ. ಬೆಳಗ್ಗೆ ತಿಳಿಯಾಗಿದ್ದ ಬಾನು ಹೊತ್ತೇರುವಷ್ಟರಲ್ಲಿ ಕಪ್ಪಾಯಿತು. ಗಾಳಿ ಒಮ್ಮೆ ತೆಂಕಲಿಂದ, ಒಮ್ಮೆ ಪಡುವಲಿಂದ ಬಡಿದು ಹಾಯಿ ಹರಿಯಿತು. ತೆರೆಗಳು ಅಂಚು ದಾಟಿ ಒಳಗೇ ಬೀಳತೊಡಗಿದವು. ಭಾರ ಇಳಿಸದೆ ಗತಿಯಿರಲಿಲ್ಲ. ತಾಂಡೇಲ ಒಂದು ಅಕ್ಕಿಮೂಟೆಯನ್ನು ಕಡಲಿಗೆ ತಳ್ಳಿಯೇಬಿಟ್ಟ.

ಸ್ವಾಮಿಗಳು ಎರಡನೆಯ ಮೂಟೆಯನ್ನು ತಬ್ಬಿ ಹಿಡಿದರು. "ಅಕ್ಕಿ ಬೇಡ. ಮೂರ್ತಿಯನ್ನು ಇಳಿಸು."

"ದೇವ್ರನ್ನಾ? ನಂಗಾಗೂದಿಲ್ಲ ಸಾಮಿ!"

ದೇವರನ್ನು ನಂಬದವನಿಗೂ ದೇವರ ಭಯ ಇರುತ್ತದೆ ನೋಡಿ! ತಾಂಡೇಲ ಮೂರ್ತಿಯಿಂದ ಹಿಂದೆ ಸರಿದ.

"ಕಡಲಲ್ಲಿ ಮಲಗುವುದು ಅವನಿಗೆ ಹೊಸದಲ್ಲಪ್ಪಾ. ಈ ಅಕ್ಕಿ ಮುಳುಗಿದರೆ ಆ ಮಕ್ಕಳು ಏನು ತಿನ್ನಬೇಕು? ಹಿಡಿ."

ಮೊದಲು ಹೆಗಲು ಕೊಟ್ಟವರು ಸ್ವಾಮಿಗಳೇ. ವಿಠ್ಠಲ ನೀರಿಗಿಳಿಯುವಾಗ ಅವರ ಕಣ್ಣಿಂದ ಧಾರಾಕಾರ ನೀರು ಹರಿಯುತ್ತಿತ್ತು. ಆದರೂ ಕೈ ಹಿಂದೆಗೆಯಲಿಲ್ಲ.

ಕಡಲೇನೂ ಶಾಂತವಾಗಲಿಲ್ಲ. ದೋಣಿ ಗೇಣುದ್ದ ಮೇಲೆದ್ದಿತು, ಅಷ್ಟೇ ಸಾಕಾಯಿತು. ತಾಂಡೇಲ ಚುಕ್ಕಾಣಿ ಬಿಡಲಿಲ್ಲ, ಸ್ವಾಮಿಗಳು ನೀರು ಮೊಗೆದು ಚೆಲ್ಲುವುದನ್ನು ಬಿಡಲಿಲ್ಲ. ಸಂಜೆಯ ಹೊತ್ತಿಗೆ ಅಂತೂ ಮಳಲಕೇರಿಯ ದಡ ಮುಟ್ಟಿದರು.

ದಡದ ಮೇಲೆಯೇ ಒಲೆ ಹೂಡಿ ಗಂಜಿ ಬೇಯಿಸಿದರು. ಪೂಜೆ, ನೈವೇದ್ಯವಾಗದೆ ಸ್ವಾಮಿಗಳು ಹನಿ ನೀರನ್ನೂ ಮುಟ್ಟುವವರಲ್ಲ ಎಂಬುದು ತಾಂಡೇಲನಿಗೆ ಗೊತ್ತಿತ್ತು. ಅವನು ಹತ್ತಿರ ಬಂದು, "ದೇವ್ರೇ ಇಲ್ಲ. ಇನ್ನು ನೈವೇದ್ಯ ಯಾರಿಗೆ ಸಾಮಿ?" ಎಂದ.

ಸ್ವಾಮಿಗಳು ಗಂಜಿಯ ಸೌಟನ್ನು ಅವನ ಕೈಗಿತ್ತು, ಸಾಲಾಗಿ ಕೂತಿದ್ದ ಮಕ್ಕಳನ್ನು ತೋರಿಸಿದರು. "ನೀನೇ ಮಾಡು."

ಹುಟ್ಟಿದಾರಭ್ಯ ಯಾವ ಗುಡಿಯ ಮುಂದೆಯೂ ನಿಲ್ಲದಿದ್ದ ಜಟ್ಟಿ ತಾಂಡೇಲ, ಅಂದು ಒಂದೊಂದು ಮಗುವಿಗೂ ಕೈಮುಗಿದು ಬಡಿಸಿದ.