ಎರಡು ಅಧ್ಯಾಯಕ್ಕೆ ಒಂದು ಮಾವಿನಮಿಡಿ

ತೊಗರಿದುರ್ಗ ಅಂತ ಒಂದು ರಾಜ್ಯ. ಎಲ್ಲಿದೆ ಅಂತ ಮಾತ್ರ ಕೇಳಬೇಡಿ, ಕೇಳಿದರೆ ಕಥೆ ಇಲ್ಲಿಗೇ ನಿಲ್ಲಿಸುತ್ತೇನೆ. ಅಲ್ಲೊಂದು ವಿದ್ಯಾಪೀಠ. ನೂರು ಹುಡುಗರು ಅರ್ಥಶಾಸ್ತ್ರ ಓದಲು ಬಂದಿದ್ದರು. ಪಂಡಿತರು ಪಾಠ ಹೇಳುತ್ತಿದ್ದರು, ಹುಡುಗರು ಆಕಳಿಸುತ್ತಿದ್ದರು. ಹುಣ್ಣಿಮೆಗೆ ಮಹಾರಾಜರೇ ಬಂದು ಪರೀಕ್ಷೆ ಮಾಡುವವರಿದ್ದರು. ಉತ್ತರ ಬರದವನು ಗಂಟುಮೂಟೆ ಕಟ್ಟಬೇಕು.

ಊಟಕ್ಕೆ ದಿನಾ ಮುದ್ದೆ, ಸಪ್ಪೆ ಸಾರು. ಇದನ್ನು ಕಂಡ ಉಗ್ರಾಣದ ಅಧಿಕಾರಿ ತಿಮ್ಮರಸಯ್ಯ ರಾಜ್ಯದ ಮಾವಿನಮಿಡಿಯನ್ನೆಲ್ಲ ತಾನೇ ಕೊಂಡು, ಯಾರಿಗೂ ಹೇಳದೆ ಅರಮನೆಯ ನಲವತ್ತು ಜಾಡಿಗಳಲ್ಲಿ ಉಪ್ಪಿನಕಾಯಿ ಹಾಕಿಬಿಟ್ಟ.

ಮೊದಲ ವಾರ, "ಒಂದು ಮಿಡಿಗೆ ನನ್ನ ಅಂಗಳ ಗುಡಿಸ್ರಪ್ಪಾ" ಅಂದ. ಗುಡಿಸಿದರು. ಎರಡನೇ ವಾರ, "ಒಂದು ಮಿಡಿಗೆ ನನ್ನ ಎಮ್ಮೆ ತೊಳೀರಿ" ಅಂದ. ತೊಳೆದರು. ಮೂರನೇ ವಾರ, "ಗುಡಿಸಿ, ತೊಳೆದು, ಆಮೇಲೆ ನನ್ನ ಕಾಲೂ ಒತ್ರಿ" ಅಂದ. ಒತ್ತಿದರು! ನಾಲಗೆಯ ಚಪಲ ಅಂದರೆ ಹಾಗೆ. ಓಲೆಗರಿಗಳಿಗೆ ಧೂಳು ಹಿಡಿಯಿತು.

ಅಡುಗೆಯ ಚೆನ್ನಜ್ಜಿಗೆ ಇದನ್ನು ನೋಡಿ ನೋಡಿ ಸಾಕಾಯಿತು. ಬಸವಂತ ಎಂಬ ಹುಡುಗನನ್ನು ತಡೆದು ಕೇಳಿದಳು.

"ಲೋ ಮಂಕೇ, ಆ ಮಿಡಿಗೆ ಏನು ಕೊಟ್ಟೆ?"

"ಏನೂ ಇಲ್ಲಜ್ಜಿ, ಎಮ್ಮೆ ತೊಳೆದೆ, ಕಾಲು ಒತ್ತಿದೆ."

"ಅಷ್ಟು ಹೊತ್ತಲ್ಲಿ ಎಷ್ಟು ಓದ್ತಿದ್ದೆ?"

"ಎರಡು ಅಧ್ಯಾಯ."

"ಹಂಗಾದ್ರೆ ನೀನು ಕೊಟ್ಟಿದ್ದು ಎರಡು ಅಧ್ಯಾಯ! ಮಾರೋನು ಒಬ್ಬ, ಬೇಡೋರು ನೂರು ಜನ. ಬೆಲೆ ಏರದೆ ಇನ್ನೇನಾಗುತ್ತೆ? ಅಟ್ಟದ ಮೇಲೆ ಹುಚ್ಚೆಳ್ಳಿದೆ. ನೂರು ಜನಕ್ಕೆ ರುಬ್ಬೋಕೆ ನನ್ನೊಬ್ಬಳ ಕೈಲಾಗಲ್ಲ. ದಿನಕ್ಕಿಬ್ಬರು ಬಂದು ರುಬ್ರಿ, ಮಿಕ್ಕವರು ಓದ್ರಿ."

ಮರುದಿನವೇ ಮುದ್ದೆಗೆ ಹುಚ್ಚೆಳ್ಳು ಚಟ್ನಿ ಬಂತು. ಆಹಾ, ಅದರ ರುಚಿಯೇ ರುಚಿ!

ತಿಮ್ಮರಸಯ್ಯ ಕಾದ, ಯಾರೂ ಬರಲಿಲ್ಲ. "ಕಾಲು ಒತ್ತೋದು ಬೇಡ" ಅಂದ. ಯಾರೂ ಬರಲಿಲ್ಲ. "ಎಮ್ಮೇನೂ ಬೇಡ" ಅಂದ. ಯಾರೂ ಬರಲಿಲ್ಲ. "ಬಿಟ್ಟಿ ತಿನ್ರಪ್ಪಾ!" ಅಂದ. ಊಹೂಂ.

ಅಷ್ಟರಲ್ಲಿ ಸುದ್ದಿ ಬಂತು: ಮಹಾರಾಜರು ಪರೀಕ್ಷೆಯ ಜೊತೆಗೆ ಅರಮನೆಯ ಜಾಡಿಗಳನ್ನೂ ನೋಡುತ್ತಾರಂತೆ! ಹೇಳದೆ ಕೇಳದೆ ಬಳಸಿದ ಜಾಡಿಗಳು ಕಣ್ಣಿಗೆ ಬಿದ್ದರೆ ತಿಮ್ಮರಸಯ್ಯನ ಕೆಲಸ ಹೋದಂತೆಯೇ. ಉಪ್ಪಿನಕಾಯಿಯನ್ನು ಹಳ್ಳಕ್ಕೆ ಸುರಿಯೋಣವೆಂದರೆ ಊರೆಲ್ಲ ಘಮ್ಮೆನ್ನುತ್ತದೆ. ಓಡಿಬಂದು ಹುಡುಗರಿಗೆ ಕೈಮುಗಿದ.

"ಜಾಡಿ ಖಾಲಿ ಮಾಡಿಕೊಡ್ರಪ್ಪಾ!"

"ಒಂದು ಜಾಡಿಗೆ ನಮ್ಮ ಐದು ಪಂಚೆ ಒಗೆದುಕೊಡಿ ಸ್ವಾಮಿ" ಅಂದ ಬಸವಂತ. "ಕಡಿಮೆಗೆ ಬೇರೆ ಯಾರಾದ್ರೂ ಮಾಡ್ತಾರೇನೋ ವಿಚಾರಿಸಿ ನೋಡಿ."

ಬೇರೆ ಯಾರಿದ್ದಾರೆ? ಒಪ್ಪಿಕೊಂಡ. ಹುಡುಗರು ಮನೆಮನೆಗೂ ಉಪ್ಪಿನಕಾಯಿ ಹಂಚಿ, ಜಾಡಿ ತೊಳೆದಿಟ್ಟರು.

ಹುಣ್ಣಿಮೆಗೆ ಮಹಾರಾಜರು ಬಂದು, "ಬೆಲೆ ಅಂದರೇನು?" ಎಂದು ಕೇಳಿದರು. ನೂರು ಹುಡುಗರೂ ಪಟಪಟನೆ ಉತ್ತರ ಹೇಳಿದರು. ಒಬ್ಬನೂ ಗಂಟುಮೂಟೆ ಕಟ್ಟಲಿಲ್ಲ. ತಮ್ಮ ಪಾಠ ಫಲಿಸಿತೆಂದು ಪಂಡಿತರು ಮೀಸೆ ತಿರುವಿದರು.

"ಉಗ್ರಾಣದ ಅಧಿಕಾರಿ ಎಲ್ಲಿ?" ಎಂದರು ಮಹಾರಾಜರು.

"ಕೆರೆ ದಂಡೇಲಿದಾನೆ ಬುದ್ಧೀ" ಅಂದಳು ಚೆನ್ನಜ್ಜಿ. "ನೂರಾ ನಲವತ್ತು ಪಂಚೆ ಆಗಿದೆ, ಇನ್ನೂ ಅರವತ್ತು ಬಾಕಿ."

ಕೇಳಿದಿರಾ ಮಕ್ಕಳೇ? ಒಂದು ವಸ್ತುವಿನ ನಿಜವಾದ ಬೆಲೆ ಅಂದರೆ ಅದಕ್ಕಾಗಿ ನಾವು ಕೈಬಿಟ್ಟದ್ದು. ಬೇರೆ ದಾರಿ ಹುಡುಕಿಕೊಂಡವರನ್ನು ಯಾವ ದುರಾಸೆಯವನೂ ಕುಣಿಸಲಾರ.